ಎರಡು ಗಂಟೆಯ ಹಾರಾಟ, ಆರು ದಿನದ ರಜೆ

ಹಾಂಗ್‌ಕಾಂಗ್‌ನಿಂದ ಮನಿಲಾಕ್ಕೆ ಸಾವಿರದ ನೂರು ಚಿಲ್ಲರೆ ಕಿಲೋಮೀಟರು, ವಿಮಾನದಲ್ಲಿ ಎರಡು ಗಂಟೆ. ಇದನ್ನು ಪೆರ್ಲಿಟಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಹಾಂಗ್‌ಕಾಂಗ್‌ನಲ್ಲಿ ಕಂಡವರ ಮನೆಯ ಅಡುಗೆ ಮಾಡಿ, ಅವರ ಮಕ್ಕಳ ಮೂಗೊರೆಸಿ, ಮುದುಕರಿಗೆ ಸ್ನಾನ ಮಾಡಿಸಿದವಳು. ಆದರೂ ಅವಳ ಅಪ್ಪ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಯಜಮಾನ ಲಾವ್ ಫೋನಿನಲ್ಲಿ ಹುಡುಕಿ ಅದನ್ನೇ ತೋರಿಸಿದ.

“ಎರಡೇ ಗಂಟೆ, ಪೆರ್ಲಿಟಾ. ಮೂರು ದಿನ ರಜಾ ಧಾರಾಳ ಆಯ್ತು.”

“ಅದು ವಿಮಾನದ ಲೆಕ್ಕ ಸರ್. ನಮ್ಮಪ್ಪನ್ನ ವಿಮಾನ ನಿಲ್ದಾಣದಲ್ಲಿ ಮಲಗಿಸಿಲ್ಲ. ಮನಿಲಾದಿಂದ ಬಸ್ಸಲ್ಲಿ ಹತ್ತು ಗಂಟೆ, ಆಮೇಲೆ ಹೊಳೆ ದಾಟ್ಬೇಕು. ಆರು ದಿನ ಬೇಕು.”

“ಹೋಗೋಕೊಂದು, ಬರೋಕೊಂದು, ಮಣ್ಣಿಗೊಂದು. ಮೂರಾಯ್ತಲ್ಲ?”

“ಮಣ್ಣು ಮಾಡಿದ ಮಾರನೇ ಬೆಳಿಗ್ಗೆ ಮನೆಯವರೆಲ್ಲ ಹೊಳೇಲಿ ತಲೆ ತೊಳ್ಕೋಬೇಕು ಸರ್.”

ಲಾವ್‌ಗೆ ನಗು ಬಂತು. ಕೆಟ್ಟವನಲ್ಲ, ಆದರೆ ತನ್ನ ಮನೆಯ ಸಾವನ್ನಷ್ಟೇ ಕಂಡವನು. “ತಲೆ ತೊಳ್ಕೊಳ್ಳೋಕೆ ರಜಾನಾ? ಇಲ್ಲಿ ಬಚ್ಚಲಲ್ಲಿ ಬಿಸಿನೀರು ಬರುತ್ತಲ್ಲ. ನಾಲ್ಕನೇ ಬೆಳಿಗ್ಗೆ ನೀನಿಲ್ಲದಿದ್ರೆ ಬೇರೆಯವರನ್ನ ನೋಡ್ಕೋತೀನಿ.”

ಹನ್ನೊಂದು ವರ್ಷದ ಹಿಂದೆ, ಬೇರೊಂದು ಮನೆಯಲ್ಲಿ, ಇದೇ ಎರಡು ಗಂಟೆಯ ಮಾತಿಗೆ ಪೆರ್ಲಿಟಾ ಕೋಲೆಬಸವನ ಹಾಗೆ ತಲೆಯಾಡಿಸಿದ್ದಳು. ಅಮ್ಮನನ್ನು ಮಣ್ಣು ಮಾಡಿ, ಆ ಮಣ್ಣು ಚಪ್ಪಲಿಯಲ್ಲಿರುವಾಗಲೇ ಬಸ್ಸು ಹತ್ತಿದ್ದಳು. ಮರುದಿನ ಅಣ್ಣತಮ್ಮಂದಿರು ಹೊಳೆಯಲ್ಲಿ ನಿಂತು ಸುಟ್ಟ ಭತ್ತದ ಹುಲ್ಲಿನ ನೀರನ್ನು ತಲೆಗೆ ಸುರಿದುಕೊಳ್ಳುವ ಹೊತ್ತಿಗೆ ಅವಳು ಇಲ್ಲಿ ಮೀನಿನ ಪೊರೆ ತೆಗೆಯುತ್ತಿದ್ದಳು. ಹಾಗೆ ತೊಳೆಯದ ದುಃಖ ತಲೆಯಿಂದ ಇಳಿಯುವುದಿಲ್ಲವೆಂದು ಅವಳ ಕಡೆಯ ಇಲೊಕಾನೊ ಜನ ಹೇಳುತ್ತಾರೆ. ಇಳಿಯಲೂ ಇಲ್ಲ. ಮೀನಿನಂಗಡಿಯ ಸಾಲಿನಲ್ಲಿ ನಿಂತಾಗಲೂ ಸುಮ್ಮಸುಮ್ಮನೆ ಕಣ್ಣು ತುಂಬುತ್ತಿತ್ತು. ಈ ಸಲ ಇಬ್ಬರದ್ದೂ ತೊಳೆದೇ ತೀರಬೇಕು, ಕೆಲಸ ಹೋದರೆ ಹೋಗಲಿ. ಅಷ್ಟನ್ನು ನಿಶ್ಚಯಿಸಿಕೊಂಡೇ ಅವಳು ಚೀಲ ಕಟ್ಟಿದಳು.

ಹೊಳೆ ದಾಟಿ ಊರು ಸೇರುವಾಗ ಎರಡನೆಯ ದಿನದ ಮಧ್ಯಾಹ್ನ. ಹೆಣ ಅವಳಿಗಾಗಿ ಕಾದಿತ್ತು. ಅಪ್ಪ ಮನೆಯಲ್ಲಿರುವವರೆಗೆ ಕಸ ಗುಡಿಸಬಾರದೆಂದು ಅಂಗಳವೂ ಹಾಗೇ ಇತ್ತು. ಮೂರನೆಯ ದಿನ ಮಣ್ಣು ಮಾಡಿದರು. ನಾಲ್ಕನೆಯ ಬೆಳಿಗ್ಗೆ ಅವಳು ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದಳು. ಅಪ್ಪನ ತಂಗಿ ಕೊರಾಸೊನ್ ಚೊಂಬು ಹಿಡಿದು ಒಂದು ಸಲ ತಲೆ ತೊಳೆಸಿ ಮುಗಿಸಿದ್ದಳು. ಆಗ ದಡದಲ್ಲಿದ್ದ ಫೋನು ಬಡಿದುಕೊಂಡಿತು. ಪೆರ್ಲಿಟಾ ನೀರಿನಿಂದಲೇ ಕೈಚಾಚಿ ಎತ್ತಿಕೊಂಡಳು.

“ಎಲ್ಲಿದ್ದೀಯ?” ಎಂದ ಲಾವ್.

“ಹೊಳೇಲಿ ಸರ್.”

“ಇವತ್ತು ಬೆಳಿಗ್ಗೆ ಅಂದಿದ್ದೆ. ಈಗ ಹೊರಟ್ರೂ ರಾತ್ರಿಗೆ ಬಂದ್ಬಿಡಬಹುದು, ಎರಡೇ ಗಂಟೆ.”

“ಯಾರೇ ಅದು?” ಎಂದಳು ಅತ್ತೆ. “ಅವನಿಗೂ ಒಂದು ಚೊಂಬು ಸುರೀಲೇನೆ? ತಲೆ ಬಿಸಿ ಆಗಿರೋ ಹಾಗಿದೆ.”

ಪೆರ್ಲಿಟಾಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು.

“ಅಪ್ಪಂದು ಆಯ್ತು ಸರ್, ಅಮ್ಮಂದು ಬಾಕಿ ಇದೆ. ನಾನು ಆರನೇ ದಿನಕ್ಕೇ ಬರೋದು. ಅಷ್ಟರಲ್ಲಿ ಬೇರೆಯವರು ಸಿಕ್ಕಿದ್ರೆ ನನ್ನ ಪೆಟ್ಟಿಗೆ ಬಾಗಿಲಾಚೆ ಇಡಿ, ತಗೊಂಡು ಹೋಗ್ತೀನಿ.”

ಅವನ ಉತ್ತರಕ್ಕೆ ಕಾಯದೆ ಫೋನನ್ನು ದಡದ ಹುಲ್ಲಿಗೆ ಎಸೆದು, ಅತ್ತೆಯ ಮುಂದೆ ಮತ್ತೆ ತಲೆ ಬಗ್ಗಿಸಿದಳು.