ಅಪ್ಪನ ಎಡ

ನನಗೆ ಕಾಯುವುದೆಂದರೆ ಆಗಿಬರುವುದಿಲ್ಲ. ಹಾಲು ಉಕ್ಕುವ ಮೊದಲೇ ಇಳಿಸಿ ಅವ್ವನ ಕೈಲಿ ಬೈಸಿಕೊಂಡವಳು, ಬಸ್ಸು ನಿಲ್ಲುವ ಮೊದಲೇ ಇಳಿದು ಕಂಡಕ್ಟರನ ಕೈಲಿ ಬೈಸಿಕೊಂಡವಳು. ಇಳಕಲ್ಲಿನ ನೇಕಾರರ ಮನೆಯಲ್ಲಿ ಇಂಥವಳು ಹೇಗೆ ಹುಟ್ಟಿದಳೋ ಎಂದು ಅಪ್ಪನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ನಿನ್ನ ಕೈಗೆ ಮಗ್ಗ ಕೊಟ್ಟಿದ್ರ ಸೀರಿ ಆಗ್ತಿದ್ದಿಲ್ಲ, ಮೂಗು ಒರಸೋ ದಸ್ತಿ ಆಗ್ತಿತ್ತು" ಎಂದು ನಗುತ್ತಿದ್ದ. ಮಗ್ಗ ಕೊಡದೆ ಓದಿಸಿದ. ನಾನು ಕಂಪ್ಯೂಟರ್ ಕಲಿತು ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ.

ಎರಡು ಸಾವಿರದ ಐದಾರರ ಮಾತು. ಸ್ಕ್ಯಾನಿಂಗ್ ಚಿತ್ರಗಳು ಹಳೆಯವಾದ ಮೇಲೆ ನಮ್ಮಲ್ಲಿ ಕಂಪ್ಯೂಟರಿನಿಂದ ಇಳಿದು ಟೇಪಿಗೆ ಹೋಗುತ್ತಿದ್ದವು. ನೋಡಲು ಹಾಡಿನ ಕ್ಯಾಸೆಟ್ಟಿನ ಅಣ್ಣನಂತಿದ್ದ ಈ ಟೇಪುಗಳನ್ನೆಲ್ಲ ಇಟ್ಟುಕೊಂಡ ಆಳೆತ್ತರದ ಕಪಾಟಿಗೆ ಟೇಪ್ ಲೈಬ್ರರಿ ಎಂದು ಹೆಸರು. ಒಳಗೆ ಸಾಲು ಸಾಲು ಗೂಡು, ಗೂಡಿಗೊಂದು ಟೇಪು. ಯಾವುದೋ ಹಳೆಯ ಚಿತ್ರ ಬೇಕೆಂದು ಕೇಳಿದರೆ ಒಂದು ಉಕ್ಕಿನ ಕೈ ಸರ್ರನೆ ಮೇಲಕ್ಕೂ ಕೆಳಕ್ಕೂ ಓಡಿ ಆ ಟೇಪನ್ನು ಹಿಡಿದು ತಂದು ಓದುವ ಪೆಟ್ಟಿಗೆಯ ಬಾಯಿಗೆ ಕೊಡುತ್ತಿತ್ತು. ಅಪ್ಪ ಒಮ್ಮೆ ಗಾಜಿನ ಬಾಗಿಲಿಗೆ ಮೂಗು ಹಚ್ಚಿ ನೋಡಿ, "ಲಾಳಿ ಓಡಿದಂಗ ಓಡತೈತಲ್ಲ. ಆದ್ರ ಇಷ್ಟು ಓಡಿ ಒಂದು ಗೇಣು ಬಟ್ಟೀನೂ ಆಗಂಗಿಲ್ಲ" ಎಂದಿದ್ದ.

ಮುಂದಿನ ಕಥೆ ತಿಳಿಯಬೇಕಾದರೆ ನಮ್ಮ ಮಗ್ಗದ ಒಂದು ರೂಢಿ ಗೊತ್ತಿರಬೇಕು. ಇಳಕಲ್ ಸೀರೆಯ ಒಡಲಿನ ಎಳೆಗಳೇ ಬೇರೆ, ಸೆರಗಿನ ಕೆಂಪು ರೇಷ್ಮೆಯ ಎಳೆಗಳೇ ಬೇರೆ. ಒಂದೊಂದು ಎಳೆಗೂ ಒಂದೊಂದು ಎಳೆಯ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಚಿಕ್ಕವಳಿದ್ದಾಗ ಈ ಕೆಲಸಕ್ಕೆ ನಾನು ಅಪ್ಪನ ಎದುರಿಗೆ ಕೂರುತ್ತಿದ್ದೆ. ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಈಚೆಗೆ, ನಾನು ಎಳೆಗಳ ಆಚೆಗೆ. "ಎಡಕ್ಕ ಒಂದು ಎಳಿ ಸಡಲ ಆಗೇತಿ, ಹಿಡಿ" ಎನ್ನುತ್ತಿದ್ದ. ನಾನು ನನ್ನ ಎಡಕ್ಕೆ ಕೈ ಹಾಕಿದರೆ ಮುಗಿಯಿತು. "ನಿನ್ನ ಎಡಾ ಯಾರಿಗೆ ಬೇಕಾಗೇತವ್ವಾ? ಮಗ್ಗದಾಗ ಕುಂತವರ ಎಡಾ ಹಿಡಿ!"

ಅದು ಮೈಗೆ ಎಷ್ಟು ಹತ್ತಿತೆಂದರೆ, ಸಾಲೆಯ ಕವಾಯತಿನಲ್ಲಿ ಮಾಸ್ತರರು ನಮಗೆ ಎದುರಾಗಿ ನಿಂತು "ಎಡಕ್ಕೆ ತಿರುಗು" ಎಂದಾಗ ಇಡೀ ಸಾಲು ಒಂದು ಕಡೆ ತಿರುಗುತ್ತಿತ್ತು, ನಾವು ಮೂವರು ನೇಕಾರರ ಹುಡುಗಿಯರು ಇನ್ನೊಂದು ಕಡೆ. ಮಾಸ್ತರರ ಎಡವೇ ಎಡ ಎಂದು ನಮ್ಮ ವಾದ. ಅಂಗಳ ಸುತ್ತು ಹಾಕಿಸಿಕೊಂಡರೂ ವಾದ ಬಿಡಲಿಲ್ಲ.

ಆ ವರ್ಷ ಅಪ್ಪನಿಗೆ ಕೆಮ್ಮು ಹಿಡಿದು ತಿಂಗಳಾದರೂ ಬಿಡಲಿಲ್ಲ. ನಮ್ಮ ಆಸ್ಪತ್ರೆಗೇ ಕರೆಸಿಕೊಂಡೆ. ಡಾಕ್ಟರು ಬಾದಾಮಿ ಕಡೆಯವರು, ನಾನು ಅಣ್ಣನೆಂದೇ ತಿಳಿದವರು. ಸ್ಕ್ಯಾನ್ ನೋಡಿ ನನ್ನನ್ನು ಮಾತ್ರ ಒಳಗೆ ಕರೆದರು.

"ಎಡ ಪುಪ್ಪುಸದಾಗ ಒಂದು ಗಂಟು ಕಾಣಸ್ತೈತಿ. ಇದು ಹಳೀದಿದ್ರ ಚಿಂತಿಲ್ಲ, ಒಣಗಿದ ಗಾಯದ ಕಲಿ ಅಷ್ಟ. ಹೊಸದಿದ್ರ ಎದಿ ತೆರದು ತಗೀಬೇಕಾಗ್ತೈತಿ. ಕಾಕಾರ ಹೃದಯ ಅಷ್ಟು ಗಟ್ಟಿ ಇಲ್ಲ, ಆಪರೇಷನ್ ತಡಕೊಳ್ಳೋದು ಕಷ್ಟ. ಸರ್ಜನ್ ನಾಳೆ ಮುಂಜಾನೆ ಬರ್ತಾರ, ಮತ್ತ ಬರೋದು ತಿಂಗಳಾದ ಮ್ಯಾಲೆ. ಹಳೀ ಸ್ಕ್ಯಾನ್ ಏನರ ಐತೇನು?"

ಇತ್ತು. ಮೂರು ವರ್ಷದ ಹಿಂದೆ ಹುನಗುಂದದ ಬಸ್ ನಿಲ್ದಾಣದಲ್ಲಿ ಅಪ್ಪ ಬಸ್ಸಿನ ಮೆಟ್ಟಿಲಿಂದ ಜಾರಿ ಎದೆಗೆ ಪೆಟ್ಟು ಮಾಡಿಕೊಂಡಿದ್ದ. ಎಲುಬು ಮುರಿದಿದೆಯೋ ನೋಡಲು ಇಲ್ಲಿಯೇ ಸ್ಕ್ಯಾನ್ ಮಾಡಿಸಿದ್ದೆವು. ಹೊರಗೆ ಓಡಿ, ಬೆಂಚಿನ ಮೇಲೆ ಕೂತಿದ್ದ ಅಪ್ಪನನ್ನು ಆ ಫಿಲ್ಮು ಎಲ್ಲಿ ಎಂದು ಕೇಳಿದೆ.

"ಅದಾ? ಗ್ರಹಣದ ದಿನ ಕತ್ತರೀಲೆ ಕತ್ತರಿಸಿ ಓಣಿಗೆಲ್ಲ ಒಂದೊಂದು ತುಣುಕು ಕೊಟ್ಟೆನಲ್ಲ. ಬರಿಗಣ್ಣಿಲೆ ನೋಡಬಾರದು ಅಂತಿದ್ರು."

"ಅಪ್ಪಾ, ಅದು ನಿನ್ನ ಎದಿ!"

"ಹೌದಲ್ಲ. ನನ್ನ ಎದಿ ಒಳಗ ಹಾದು ಇಡೀ ಓಣಿ ಸೂರ್ಯನ್ನ ನೋಡೇತಿ. ಯಾರಿಗೈತಿ ಅಂಥಾ ಯೋಗ?"

ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ಉಳಿದದ್ದು ಟೇಪಿನ ಮೇಲಿನ ಪ್ರತಿ ಒಂದೇ. ಅದಕ್ಕೂ ಒಂದು ತೊಡಕಿತ್ತು. ಟೇಪ್ ಲೈಬ್ರರಿಯ ಬೆನ್ನಿಗೆ ಎರಡು ಪವರ್ ಸಪ್ಲೈ ಅಕ್ಕಪಕ್ಕ ಕೂತಿರುತ್ತವೆ. ಊಟದ ಡಬ್ಬಿಯಷ್ಟು ಗಾತ್ರದ ಪೆಟ್ಟಿಗೆಗಳು, ಗೋಡೆಯ ಕರೆಂಟನ್ನು ಯಂತ್ರಕ್ಕೆ ಒಗ್ಗುವಂತೆ ಮಾಡಿ ಕೊಡುವುದು ಅವುಗಳ ಕೆಲಸ. ಒಂದು ಕೆಟ್ಟರೆ ಇನ್ನೊಂದು ಭಾರ ಹೊರುತ್ತದೆ. ವಾರದಿಂದ ಒಂದು ಕೆಟ್ಟಿತ್ತು. ಹೊಸದು ಅಂದೇ ಬೆಳಿಗ್ಗೆ ಬಂದಿತ್ತು. ಅದನ್ನು ಕೂರಿಸಬೇಕಾದ ಹುಬ್ಬಳ್ಳಿಯ ಇಂಜಿನಿಯರು ಮೂರು ದಿನ ಬಿಟ್ಟು ಬರುವವರಿದ್ದರು. ಅಲ್ಲಿಯವರೆಗೆ ಟೇಪು ಮುಟ್ಟಬೇಡಿ, ಓದುವಾಗ ಎರಡನೆಯದೂ ಕೈಕೊಟ್ಟರೆ ಟೇಪೇ ಹಾಳಾದೀತು ಎಂದು ಎಚ್ಚರಿಸಿದ್ದರು.

ಮೂರು ದಿನ ಯಾರಿಗಿತ್ತು? ಫೋನು ಹಚ್ಚಿ ವಿಷಯ ಹೇಳಿದೆ. ಅವರು ಮೈಸೂರು ಕಡೆಯವರು, ಮೆತ್ತಗಿನ ದನಿ. "ಕಷ್ಟ ಏನಿಲ್ಲ ಮೇಡಂ, ನಾನು ಹೇಳ್ತಾ ಹೋಗ್ತೀನಿ, ನೀವೇ ಮಾಡಿ. ಯಂತ್ರ ನಿಲ್ಲಿಸೋದು ಬೇಡ. ಕೆಟ್ಟಿರೋದು ಎಡಗಡೇದು. ದೀಪ ನೋಡಿ ನಂಬಬೇಡಿ, ಅದು ಸುಮ್ಮಸುಮ್ಮನೆ ಉರೀತಿರುತ್ತೆ. ಸ್ಕ್ರೂ ಬಿಚ್ಚಿ, ಹಿಡಿ ಹಿಡಿದು ಎಳೆದರೆ ಬರುತ್ತೆ" ಎಂದರು.

ಇಲ್ಲಿ ನನ್ನ ಗುಣ ಅಡ್ಡ ಬಂತು. ಪೆಟ್ಟಿಗೆ ಬದಲಿಸುವಷ್ಟರಲ್ಲಿ ಟೇಪು ಬಂದಿರಲಿ, ನಾಲ್ಕು ನಿಮಿಷ ಉಳಿದೀತು ಎಂದು ಮೊದಲೇ ಅಪ್ಪನ ಚಿತ್ರವಿದ್ದ ಟೇಪು ತರಲು ಯಂತ್ರಕ್ಕೆ ಹೇಳಿಬಿಟ್ಟೆ. ಇಂಜಿನಿಯರಿಗೆ ಹೇಳಲಿಲ್ಲ. ಆಮೇಲೆ ಕಪಾಟಿನ ಹಿಂದೆ, ಗೋಡೆಯ ಸಂದಿಯಲ್ಲಿ ಅಡ್ಡಡ್ಡ ತೂರಿಕೊಂಡು ನಿಂತೆ. ಒಂದು ಕೈಯಲ್ಲಿ ಸ್ಕ್ರೂಡ್ರೈವರು, ಹೆಗಲಿಗೂ ಕಿವಿಗೂ ನಡುವೆ ಫೋನು. ನನ್ನ ಎದುರಿಗೆ ಎರಡು ಪೆಟ್ಟಿಗೆ, ಎರಡರಲ್ಲೂ ಹಸಿರು ದೀಪ.

ಎಡಗಡೆಯದು. ಆ ಕ್ಷಣದಲ್ಲಿ ನಾನು ಯೋಚನೆಯನ್ನೇ ಮಾಡಲಿಲ್ಲ. ಯಂತ್ರದ ಮುಂದೆ ಕೀಲಿಮಣೆಯಿತ್ತು, ಕುರ್ಚಿಯಿತ್ತು. ಕೆಲಸ ಮಾಡುವವರು ಕೂರುವುದು ಅಲ್ಲಿ. ನಾನು ಅವರಿಗೆ ಎದುರಾಗಿ ಆಚೆ ಇದ್ದೇನೆ. ಕೂತವರ ಎಡವೆಂದರೆ ನನ್ನ ಬಲ. ಬಲಗಡೆಯ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ, ಹಿಡಿ ಹಿಡಿದು ಎಳೆದೆ.

ಫ್ಯಾನುಗಳ ಸದ್ದು ನಿಂತಿತು. ಕೋಣೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹೊರಬಂದು ಗಾಜಿನಲ್ಲಿ ನೋಡಿದರೆ ಉಕ್ಕಿನ ಕೈ ಅರ್ಧ ದಾರಿಯಲ್ಲಿ ನಿಂತಿತ್ತು. ಅದರ ಹಿಡಿತದಲ್ಲಿ ಅಪ್ಪನ ಟೇಪು ಓರೆಯಾಗಿ ಸಿಕ್ಕಿಕೊಂಡಿತ್ತು. ಫೋನಿನಲ್ಲಿ ಇಂಜಿನಿಯರು "ಮೇಡಂ? ಮೇಡಂ?" ಎನ್ನುತ್ತಿದ್ದರು. ಐದು ನಿಮಿಷ ಬಿಟ್ಟು ಮಾಡುತ್ತೇನೆಂದು ಇಟ್ಟುಬಿಟ್ಟೆ.

ನೇರ ಹೊರಗೆ ಹೋದೆ. ಅಪ್ಪ ಬೆಂಚಿನ ಮೇಲೆ ಅಡಿಕೆ ಕತ್ತರಿಸುತ್ತ ಕೂತಿದ್ದ. ಅವನಿಗೆ ಗಂಟಿನ ವಿಷಯ ನಾನಿನ್ನೂ ಹೇಳಿರಲಿಲ್ಲ. ಈಗ ಎಲ್ಲ ಒಮ್ಮೆಲೇ ಬಾಯಿಂದ ಬಂತು. ಗಂಟು, ನಾಳೆಯ ಆಪರೇಷನ್ನು, ಟೇಪು, ಎಲ್ಲವೂ.

"ನಿನ್ನ ಚಿತ್ರ ನಾನ ಹಾಳ ಮಾಡೇನಿ ಅನಸ್ತೈತಿ ಅಪ್ಪಾ. ಕೆಟ್ಟದ್ದನ್ನ ಬಿಟ್ಟು ಚಲೋದನ್ನ ಎಳದೆ."

ಅಪ್ಪ ಅಡಿಕೆ ಕತ್ತರಿಯನ್ನು ಚೀಲಕ್ಕೆ ಹಾಕಿದ. ಗಂಟಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಅವ್ರು ಯಾವುದು ತಗಿ ಅಂದಿದ್ರು?" ಎಂದ.

"ಎಡಗಡೀದು."

"ನೀ ಯಾವ ಎಡಾ ತಗದಿ?"

"ನಿನ್ನ ಎಡಾ."

ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ಅವನ ಹೊಟ್ಟೆ ಕುಲುಕಿತು, ಆಮೇಲೆ ಹೆಗಲು. ನಕ್ಕು ನಕ್ಕು ಕೆಮ್ಮು ಬಂದು ಕಣ್ಣಲ್ಲಿ ನೀರಾಡಿತು. ನಾನು ಬೆನ್ನು ತಿಕ್ಕಿದೆ. ಆ ಬೆನ್ನು ಎಷ್ಟು ತೆಳ್ಳಗಾಗಿದೆ ಎಂದು ಕೈಗೆ ತಿಳಿದಾಗ ನನಗೆ ಅವನನ್ನು ಕಳೆದುಕೊಳ್ಳುವ ಹೆದರಿಕೆ ಮೊದಲ ಸಲ ನಿಜವಾಗಿ ಆಯಿತು.

"ತಪ್ಪು ನಂದು ಬಿಡು, ನಾನ ಕಲಿಸಿದ್ದು" ಎಂದ. "ಈಗ ಅವಸರ ಮಾಡಬ್ಯಾಡ. ಮಗ್ಗದಾಗ ಎಳಿ ಹರದ್ರ ಏನ್ ಮಾಡ್ತೇವಿ? ಲಾಳಿ ನಿಂತಲ್ಲೇ ಬಿಡ್ತೇವಿ, ಜಗ್ಗಂಗಿಲ್ಲ. ಮೊದಲ ಗಟ್ಟಿ ಇದ್ದ ಎಳಿ ಹಿಡಕೊಂಡು ಆಮ್ಯಾಲೆ ಹರದದ್ದಕ್ಕ ಕೈ ಹಾಕ್ತೇವಿ. ಹೋಗು, ಮುಖ ತೊಳಕೊಂಡು ಹೋಗು."

ಮುಖ ತೊಳೆದುಕೊಂಡು ಹೋದೆ. ಇಂಜಿನಿಯರಿಗೆ ಫೋನು ಹಚ್ಚಿ ತಪ್ಪು ಒಪ್ಪಿಕೊಂಡೆ, ಟೇಪು ಮೊದಲೇ ಕರೆದದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. "ಹಿಂದೆ ನಿಂತಿರೋ ನಿಮ್ಮ ಎಡ ಮೇಡಂ" ಎಂದಷ್ಟೇ ಅಂದರು. ಅಪ್ಪನ ಮಾತಿನಂತೆ ಉಕ್ಕಿನ ಕೈಯಲ್ಲಿದ್ದ ಟೇಪನ್ನು ಮುಟ್ಟದೆ ಬಿಟ್ಟೆ. ಮೊದಲು ಗಟ್ಟಿಯಿದ್ದ ಪೆಟ್ಟಿಗೆಯನ್ನು ಅದರ ಜಾಗಕ್ಕೆ ಸೇರಿಸಿದೆ. ಆಮೇಲೆ ಕೆಟ್ಟದ್ದನ್ನು ಎಳೆದು ಹೊಸದನ್ನು ತಳ್ಳಿದೆ. ಟಕ್ ಎಂದು ಕೂತಿತು. ಸ್ವಿಚ್ಚು ಒತ್ತಿದೆ.

"ಹತ್ತಿತ್ರಿ! ಎರಡೂ ಹತ್ಯಾವ್ರಿ!" ಎಂದು ಕೂಗಿದೆ.

"ಅಯ್ಯೋ! ಬೆಂಕಿನಾ? ಮೇಡಂ, ಮೊದಲು ಅಲ್ಲಿಂದ ಹೊರಗೆ ಬನ್ನಿ!"

ನಮ್ಮ ಕಡೆ ದೀಪ ಹತ್ತಿತು ಎಂದರೆ ದೀಪ ಬಂತು ಎಂದಷ್ಟೇ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಉಕ್ಕಿನ ಕೈ ನಿಧಾನಕ್ಕೆ ಅಲುಗಾಡಿತು. ಹಿಡಿದಿದ್ದ ಟೇಪನ್ನು ಒಂದು ಖಾಲಿ ಗೂಡಿಗೆ ಇಟ್ಟಿತು. ಆಮೇಲೆ ಒಂದೊಂದೇ ಗೂಡಿನ ಮುಂದೆ ನಿಂತು ಎಲ್ಲ ಟೇಪುಗಳೂ ಇವೆಯೇ ಎಂದು ನೋಡತೊಡಗಿತು. ಕಾಲು ತಾಸು ಹಿಡಿಯಿತು. ಆ ಕಾಲು ತಾಸು ನಾನು ಏನನ್ನೂ ಮುಟ್ಟದೆ, ಎರಡೂ ಕೈ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಜೀವಮಾನದಲ್ಲಿ ನಾನು ಸರಿಯಾಗಿ ಕಾದದ್ದು ಅದೊಂದೇ ಸಲ.

ಟೇಪು ಓದಿತು. ಚಿತ್ರ ಇತ್ತು.

ಸಂಜೆ ನಾಲ್ಕರ ಹೊತ್ತಿಗೆ ಡಾಕ್ಟರು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನಮ್ಮಿಬ್ಬರನ್ನೂ ಕರೆದರು. ಎರಡರಲ್ಲೂ ಜೋಳದ ಕಾಳಿನಂಥ ಬಿಳಿ ಚುಕ್ಕೆ, ಅದೇ ಜಾಗ, ಅಳೆದು ನೋಡಿದರೆ ಅದೇ ಅಳತೆ. "ಮೂರು ವರ್ಷದಾಗ ಕೂದಲೆಳಿಯಷ್ಟೂ ಬೆಳದಿಲ್ಲ ಕಾಕಾ. ಹಳೀ ಕಲಿ. ಕೊಯ್ಯೋದು ಬ್ಯಾಡ, ಕೆಮ್ಮಿಗೆ ಔಷಧ ಕೊಡ್ತೇನಿ" ಎಂದರು.

ಅಳುವುದನ್ನು ತಪ್ಪಿಸಲು ಏನಾದರೂ ಕೇಳಬೇಕಾಗಿತ್ತು. "ಎಡಕ್ಕೈತಿ ಅಂದ್ರಲ್ಲ ಸರ್, ಚಿತ್ರದಾಗ ಬಲಕ್ಕ ಕಾಣಸ್ತೈತಲ್ರಿ?"

"ಚಿತ್ರದಾಗ ಪೇಷಂಟ್ ನಮಗ ಎದುರಿಗೆ ಇದ್ದಂಗ ಲೆಕ್ಕ. ನೋಡೋ ನಮ್ಮ ಎಡಾ ಅಲ್ಲ, ಅವರ ಎಡಾ. ಎಲ್ಲಾ ಡಾಕ್ಟರೂ ಹಂಗ ನೋಡೋದು."

ಅಪ್ಪ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಆಮೇಲೆ ಬಲು ಗಂಭೀರವಾಗಿ, "ಡಾಕ್ಟರ, ನಿಮ್ಮದೂ ಮಗ್ಗದ ಮನಿ ಏನ್ರಿ?" ಎಂದು ಕೇಳಿದ.

ಇವತ್ತು ಇಲ್ಲೇ ಉಳಿ ಎಂದರೆ ಕೇಳಲಿಲ್ಲ. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿದೆ ಎಂದು ಹೊರಟೇಬಿಟ್ಟ. ಇಳಕಲ್ ಬಸ್ಸು ತುಂಬಿತ್ತು. ಅವನನ್ನು ಹತ್ತಿಸಿ, ಬಸ್ಸಿನ ಮುಂದೆ ಹೋಗಿ ಅದರ ಮುಖಕ್ಕೆ ಮುಖ ಮಾಡಿ ನಿಂತೆ. ಗಾಜಿಗೆ ಬಿಸಿಲು ಬಡಿದು ಒಳಗೆ ಯಾರೂ ಕಾಣುತ್ತಿರಲಿಲ್ಲ. ಗದ್ದಲದ ನಡುವೆ ಅವನ ದನಿ ಮಾತ್ರ ಕೇಳಿಸಿತು. "ಎಡಕ್ಕ ಕುಂತೇನಿ, ಕಿಟಕಿ ಹಂತ್ಯಾಕ ಬಾ!"

ನಾನು ನನ್ನ ಬಲಕ್ಕೆ ಓಡಿದೆ. ಕಿಟಕಿಯ ಸರಳುಗಳ ನಡುವೆ ಅಪ್ಪ ಇದ್ದ. ಕೈ ಹೊರಗೆ ಚಾಚಿ ನನ್ನ ತಲೆ ಮುಟ್ಟಿ, "ನೋಡು, ತಪ್ಪಲಿಲ್ಲ" ಎಂದ.

ಬಸ್ಸು ಅಲುಗಿತು. "ಬರ್ತೇನಿ" ಎಂದ. ಹೊರಡುವಾಗ ಎಲ್ಲರೂ ಆಡುವ ಮಾತೇ ಅದು. ಅಂದು ಅದು ನಿಜವೆಂದು ನನಗೆ ಗೊತ್ತಿತ್ತು. ಬಸ್ಸು ನಿಲ್ದಾಣದ ಗೇಟು ದಾಟುವವರೆಗೂ ಅವನ ಎಡಗೈ ಕಿಟಕಿಯ ಹೊರಗೇ ಇತ್ತು, ನಾನು ನೋಡುತ್ತ ನಿಂತಿದ್ದೆ.