ಚಮಕಿ ಹಚ್ಚಿದ ಇಟಲಿ ಹೆಂಗಸು

ಈಗ ನೆನೆಸಿಕೊಂಡರೂ ಹೇಸಿಕಿ ಬರತೈತಿ.

ನಮ್ಮಪ್ಪ ಹೈದರಾಬಾದಿನ ಬಾಲಾನಗರದಾಗ ಒಂದು ಕಾರ್ಖಾನಿಯೊಳಗ ನಕ್ಷೆ ತೆಗೆಯೋ ಕೆಲಸಕ್ಕಿದ್ದ. ಮಷೀನು ಕೂಡಿಸಾಕ ಬಂದಿದ್ದ ಇಟಲಿಯ ಇಂಜಿನಿಯರೊಬ್ಬ ಊರಿಗೆ ಹೋಗೋಮುಂದ ಅಪ್ಪನ ಕೈಯಾಗ ಒಂದು ಚಿತ್ರ ಇಟ್ಟು ಹೋದ. ಅವರ ದೇಶದ ಈಗಿನ ಕಾಲದ ಕಲಾವಿದನ ಅಚ್ಚು. ಕೆಂಪು ಖುರ್ಚಿ ಮ್ಯಾಲ ಹಸಿರು ಮುಖದ ಹೆಂಗಸು, ಬಟ್ಟಿಯಿಲ್ಲದ ಭುಜ, ತೊಡಿ ಮ್ಯಾಲ ಹಳದಿ ಬೆಕ್ಕು. ಕೆಳಗ ಬಿಳಿ ಅಂಚಿನಾಗ ಪೆನ್ಸಿಲ್ಲಿನ ಸಹಿ, ಬಾಜೂಕ 41/90. "ಇಡೀ ಜಗತ್ತಿನ್ಯಾಗ ತೊಂಬತ್ತ ಅದಾವರಿ. ನಲವತ್ತೊಂದನೇದು ನಮ್ಮನ್ಯಾಗ ಐತಿ" ಅಂತ ಅಪ್ಪ ಬಂದವರಿಗೆಲ್ಲ ತೋರಸತಿದ್ದ. ಮಾತಿಲ್ಲದ ಮನಶ್ಯಾ, ಆ ನಂಬರಿನ ಮುಂದ ಅಷ್ಟ ಬಾಯಿ ಬಿಡತಿದ್ದ.

ನನ್ನ ನೋಡಾಕ ಗಂಡಿನವರು ಬರೋ ದಿನ, ಅಪ್ಪ ಡ್ಯೂಟಿಗೆ ಹೋದ ಮ್ಯಾಲ, ಅವನ ಅಕ್ಕ, ನಮ್ಮ ಅತ್ತಿ, ಬಂದು ವಕ್ಕರಿಸಿದಳು. "ಛೀ, ಥೂ! ಈ ಬರಿಮೈ ರಂಡೀನ್ನ ನೋಡಿದ್ರ ಹೊಸ್ತಿಲದಾಗಿಂದನ ತಿರುಗಿ ಹೋಗತಾರ!" ತಗದಿಡೋಣಂದ್ರ ಹಿಂದ ಗೋಡಿಯ ಸುಣ್ಣ ಉದುರಿತ್ತು. ದೇವರ ಪಟಕ್ಕ ಜರಿ ಸೀರಿ ಅಂಟಿಸಿ ಚಮಕಿ ಹಚ್ಚೋದು ನಮ್ಮ ಮಂದಿಯ ರೂಢಿ, ಅತ್ತಿ ಅದರಾಗ ಭಾಳ ಹುಷಾರ್. ಮೈದಾ ಅಂಟು ಕುದಿಸಿದಳು. ಇಟಲಿ ಹೆಂಗಸಿಗೆ ಸೀರಿ ಉಡಿಸಿದಳು, ಹಸಿರು ಹಣಿಗೆ ಕುಂಕುಮ ಬಡಿದಳು, ಬೆಕ್ಕಿನ ಮ್ಯಾಲ ಕಾಗದದ ಕಮಲ ಕೂಡಿಸಿದಳು. ಅಂಟು ಒಸರಿ ಕುಂಕುಮ ಮೂಗಿನಗುಂಟ ಇಳೀತು. ಥೂ, ನೋಡಿದ್ರ ವಾಂತಿ ಬರಬೇಕು.

ಹಳೇ ಲಕ್ಷ್ಮೀ ಪಟದ ಚೌಕಟ್ಟಿನ್ಯಾಗ ಅದು ಹಿಡೀಲಿಲ್ಲ. "ಕೆಳಗಿನ ಗೀಚು ಕತ್ತರಿಸಿಬಿಡು" ಅಂತ ನನಗಂದಳು. ಆ ಗೀಚು ಏನಂತ ನನಗ ಗೊತ್ತಿತ್ತು. ಆದ್ರ ಆ ಹುಡುಗನ ಫೋಟೋ ನನ್ನ ಮನಸಿಗೆ ಹಿಡಿಸಿತ್ತು, ಸಂಬಂಧ ಕೂಡಲಿ ಅನ್ನೋ ಆಶಾ. ಕತ್ತರಿ ತಗೊಂಡು ನೆಟ್ಟಗ ಕತ್ತರಿಸಿದೆ.

ಅಪ್ಪ ಅರ್ಧಾ ರಜಾ ಹಾಕಿ ಗಂಡಿನವರನ್ನ ಕರಕೊಂಡ ಒಳಗ ಬಂದ. ಹುಡುಗನ ತಾಯಿ ಗೋಡಿ ನೋಡಿ ಕೇಳಿದರು: "ಇದ್ಯಾವ ದೇವರರಿ?"

ಅಪ್ಪನ ಕಣ್ಣು ಸೀದಾ ಕೆಳಗಿನ ಅಂಚಿಗೆ ಹೋತು. ಅಂಚು ಇರಲಿಲ್ಲ. ಆಮ್ಯಾಲ ನನ್ನ ಕಡೆ ನೋಡಿದ. ಸುಳ್ಳು ಅಂದ್ರ ಸಿಡಿದು ಬೀಳೋ ನಮ್ಮಪ್ಪ ಎರಡೂ ಕೈ ಜೋಡಿಸಿ, "ಲಕ್ಷ್ಮಿರಿ" ಅಂದ.

ಅವರು ಹೋದ ಮ್ಯಾಲ ಕಸದ ಬುಟ್ಟಿ ಡಬ್ಬ ಹಾಕಿ ಕತ್ತರಿಸಿದ ಅಂಚು ಹುಡುಕಾಕತ್ತಿದ. "ಅದನ್ನ ನೀರು ಕಾಸೋ ಒಲಿಗೆ ಹಾಕೀನಪಾ" ಅಂದಳು ಅತ್ತಿ. ಒಂದು ದಿನಾನೂ ಅಕ್ಕಗ ಎದುರಾಡದವ ಅವತ್ತು ಬಾಯಿಗೆ ಬಂದಂಗ ಬೈದ. ಅತ್ತಿ ತಲಿ ತಗ್ಗಿಸಿ ಕೇಳಿಸಿಕೊಂಡಳು, ನನ್ನ ಹೆಸರು ಎತ್ತಲಿಲ್ಲ.

ನಾನೂ ಬಾಯಿ ಬಿಡಲಿಲ್ಲ.