ಕೂಸಿನ ಬೊಕ್ಕಿ, ಅಪ್ಪನ ಶೂ

"ನಿಮ್ಮ ಶೂ ಬಿಚ್ಚಿ" ಎಂದರು ಡಾಕ್ಟರು.

ಶಿವರಾಜ ಬಿಚ್ಚಲಿಲ್ಲ. ಗೋಡೆ ನೋಡಿದ, ಫ್ಯಾನು ನೋಡಿದ. "ಪೇಷಂಟ್ ಕೂಸದರಿ, ನಾ ಅಲ್ಲ" ಎಂದ.

ಶಿವರಾಜ ನನ್ನ ತಂಗಿ ಮಹಾದೇವಿಯ ಗಂಡ. ಬಸವಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಏಳೆಂಟು ವರ್ಷದ ಹಿಂದೆ, ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಅವರಿಬ್ಬರ ಕೂಸನ್ನು ಎತ್ತಿಕೊಂಡು ಗುಲಬರ್ಗಾದ ಚರ್ಮದ ಡಾಕ್ಟರ ಮುಂದೆ ಕೂತಿದ್ದೆವು.

ಕೂಸಿನ ಮೈಮೇಲೆ ಬೊಕ್ಕಿ ಏಳುತ್ತಿದ್ದವು. ಉಡದಾರ ಕಟ್ಟಿದಲ್ಲಿ ನೀರು ತುಂಬಿದ ಗುಳ್ಳೆ. ಕಾಲ್ಗಡಗ ಉಜ್ಜಿದಲ್ಲಿ ಗುಳ್ಳೆ. ಕಂಕುಳಿಗೆ ಕೈಹಾಕಿ ಎತ್ತಿದರೆ ಸಂಜೆಗೆ ಅಲ್ಲೂ ಗುಳ್ಳೆ. ನೋಡಿದವರಿಗೆ ಥೇಟ್ ಸುಟ್ಟ ಗಾಯ. (ಸುಟ್ಟ ಗಾಯ ಅಂದ ಮೇಲೆ ಸುಟ್ಟವರೂ ಬೇಕಲ್ಲ?)

ಸಿಕ್ಕಳು, ಹೆತ್ತ ತಾಯಿಯೇ. "ಇಕಿ ಬಸುರಿದ್ದಾಗ ಗ್ರಹಣದಾಗ ಹೊರಗ ತಿರಗ್ಯಾಳ. ಅದಕ್ಕೇ ಹಿಂಗ ಆಗ್ಯಾದ" ಎಂದಳು ಮಹಾದೇವಿಯ ಅತ್ತೆ. ಓಣಿಯವರು ಇನ್ನೂ ಮುಂದೆ ಹೋದರು: "ಹೆಣ್ಣ ಹುಟ್ಟ್ಯಾದಂತ ಸಿಟ್ಟಿಗಿ ತಾನೇ ಸುಟ್ಟಾಳ." ಮಗಳಿಗೆ ತಾಗೀತೆಂದು ಮಹಾದೇವಿ ಬಳೆ ತೆಗೆದಿಟ್ಟರೆ ಅದಕ್ಕೂ ಮಾತು. ಬಾಣಂತನ ಮುಗಿಸಿ ಗಂಡನ ಮನೆಗೆ ಹೋದವಳನ್ನು ತಿಂಗಳೊಳಗೆ ಹುಮನಾಬಾದಿನ ನಮ್ಮ ಮನೆಗೆ ತಿರುಗಿ ಕಳಿಸಿದರು. ನಾನು ಜಗಳವಾಡಿ ಶಿವರಾಜನನ್ನೂ ಆಸ್ಪತ್ರೆಗೆ ಎಳೆದು ತಂದಿದ್ದೆ.

"ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ?" ಎಂದು ಡಾಕ್ಟರು ಕೇಳಿದಾಗ ಮಹಾದೇವಿ ನೆಲ ನೋಡುತ್ತ, "ಇವರ ಕಾಲಿಗಿ ಅದರಿ" ಎಂದಿದ್ದಳು. ಅದಕ್ಕೇ ಶೂ ವಿಷಯ ಬಂದದ್ದು.

ಕೊನೆಗೆ ಬಿಚ್ಚಿದ. ಅಂಗಾಲ ತುಂಬ ಬೊಕ್ಕಿ. ಹಳೆಯವು, ಹೊಸವು, ಒಡೆದವು. ಗುಡಿಗೆ ಬಂದರೂ ಈ ಮನುಷ್ಯ ಹೊರಗೇ ನಿಲ್ಲುತ್ತಿದ್ದ. ಭಕ್ತಿ ಕಡಿಮೆ ಅಂದುಕೊಂಡಿದ್ದೆ!

"ನಮ್ಮಪ್ಪಗೂ ಇತ್ರಿ. ಬ್ಯಾಸಗಿಗಿ ಏಳತಾವ. ಉಷ್ಣ, ಅಷ್ಟೇ" ಎಂದ.

ಡಾಕ್ಟರು ಸಿಟ್ಟಾಗಲಿಲ್ಲ. ಬಿಡಿಸಿ ಹೇಳಿದರು: "ಚರ್ಮದ ಪ್ರತಿ ಜೀವಕೋಶದೊಳಗೆ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳಿರುತ್ತವೆ. ಎರಡು ಬಗೆಯ ಕೆರಾಟಿನ್ ಜೋಡಿಯಾಗಿ ಹೆಣೆದುಕೊಂಡರೇ ಎಳೆ. ಕೋಶದ ಅಂಚಿನಲ್ಲಿ ಬೇರೆ ಪ್ರೋಟೀನುಗಳು ಆ ಎಳೆಗಳನ್ನು ಪಕ್ಕದ ಕೋಶಕ್ಕೆ, ಕೆಳಗಿನ ಪದರಕ್ಕೆ ಬಿಗಿಯುತ್ತವೆ. ಜೋಡಿಯಲ್ಲಿ ಒಂದು ತಪ್ಪಾಗಿ ತಯಾರಾದರೂ ಎಳೆ ನಿಲ್ಲುವುದಿಲ್ಲ, ಮುದ್ದೆಯಾಗುತ್ತದೆ. ಸ್ವಲ್ಪ ಉಜ್ಜಿದರೆ ಸಾಕು, ಕೋಶ ಹರಿದು ನೀರು ತುಂಬುತ್ತದೆ. ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು. ಇಲ್ಲಿ ತಂದೆಯಿಂದ ಬಂದಿದೆ. ಇದು ಯಾರ ತಪ್ಪೂ ಅಲ್ಲ."

ಗುಣಪಡಿಸುವ ಔಷಧಿ ಇಲ್ಲ, ಜೋಪಾನ ಮಾಡಬೇಕು ಅಂದರು. ಮಹಾದೇವಿ ಅಲ್ಲೇ ಅತ್ತುಬಿಟ್ಟಳು. ರೋಗಕ್ಕಲ್ಲ. 'ಯಾರ ತಪ್ಪೂ ಅಲ್ಲ' ಎಂಬ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

ನಾನು ಖುಷಿಯಿಂದ ಬಸವಕಲ್ಯಾಣಕ್ಕೆ ಓಡಿದೆ. ವಿಜ್ಞಾನ ಹೇಳಿದ ಮೇಲೆ ಮುಗಿಯಿತಲ್ಲ? (ಎಂಥ ಭೋಳೆ ನಾನು!) ಅತ್ತೆ ಎಲ್ಲ ಕೇಳಿಸಿಕೊಂಡು ತಣ್ಣಗೆ ಹೇಳಿದಳು: "ಗಂಡಸರಿಗಿ ಬಂದ್ರ ಅದು ಉಷ್ಣ. ಕೂಸಿಂದು ಬ್ಯಾರೆ." ಗಂಡನ ಅಂಗಾಲಿಗೆ ವರ್ಷಗಟ್ಟಲೆ ಬೆಣ್ಣೆ ಸವರಿದ ಕೈ ಅವಳದು.

"ನೀವರೆ ಖರೇ ಹೇಳ್ರಿ" ಎಂದೆ ಶಿವರಾಜನಿಗೆ. ಅವನು ಬಟ್ಟೆ ಮಡಚುತ್ತಲೇ ಇದ್ದ.

ಮಹಾದೇವಿಯನ್ನು ಕರೆಯಲು ಯಾರೂ ಬರಲಿಲ್ಲ. ಕಡೆಗೆ ಹಿರಿಯರು ಕೂತು ಗಂಡ ಹೆಂಡತಿಯನ್ನು ಬಿಡಿಸಿದರು. ಮಹಾದೇವಿ ಹೊಲಿಗೆ ಕಲಿತಳು. ಮಗಳ ಮೈಗೆ ಒತ್ತದ ಹಾಗೆ ಹೊಲಿಗೆಯ ಅಂಚು ಹೊರಗೆ ಬರುವಂತೆ ಅಂಗಿ ಹೊಲಿದಳು. ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ಮೈಮೇಲಿನ ಬೊಕ್ಕಿ ಕಡಿಮೆಯಾಗಿವೆ, ಅಂಗೈ ಅಂಗಾಲಲ್ಲಿ ಉಳಿದಿವೆ.

ಶಿವರಾಜ ಚಿಟಗುಪ್ಪದ ಹುಡುಗಿಯನ್ನು ಮದುವೆಯಾದ. ಹೋದ ವಾರ ಸುದ್ದಿ ಬಂತು: ಅವಳ ಕೂಸಿಗೂ ಬೊಕ್ಕಿ, ಅವಳೂ ತವರಿಗೆ!

ತಡೆಯಲಾಗದೆ ಚಿಟಗುಪ್ಪದ ಬಸ್ ಹತ್ತಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಆ ಹುಡುಗಿಗೆ ಹೇಳಿದೆ. ಕೂಸಿನ ಕೈಗೆ ಮೆತ್ತನೆಯ ಬಟ್ಟೆ ಸುತ್ತುತ್ತ ಅವಳು ಕೇಳಿಸಿಕೊಂಡಳು.

"ಅಕ್ಕಾರ, ಅವರ ಕಾಲು ನಾ ದಿನಾ ನೋಡೀನ್ರಿ. ನಂಗ ಗೊತ್ತಾಗಿತ್ತು, ಹೇಳಿದೆ. ಗಂಡನ ಮ್ಯಾಲೆ ಹಾಕ್ತೀಯೇನ ಅಂತ ಬೈದು ಕಳಸ್ಯಾರ."

ನೀವೇ ಹೇಳಿ. ಮೂಗು ಅಪ್ಪನದು, ಬಣ್ಣ ಅಜ್ಜನದು ಎಂದು ಕೂಸನ್ನು ಹೊಗಳುವಾಗ ಯಾರಿಗೂ ಕಾಣದ ತಾಯಿ, ಒಂದು ಬೊಕ್ಕಿ ಎದ್ದ ಕೂಡಲೇ ಎಲ್ಲರಿಗೂ ಹೇಗೆ ಕಾಣಿಸಿಬಿಡುತ್ತಾಳೆ?